ಒಂಬತ್ತು ರೂಲುಗಳಲ್ಲಿ ಇಲ್ಲದ ಕೂಸು

ಠಣ್, ಠಣ್, ಠಣ್.

ಮುರಿದ ರೈಲು ಕಂಬಿಯ ತುಂಡನ್ನು ಎರಡು ಕಲ್ಲುಕಂಬಗಳ ನಡುವೆ ಸರಪಳಿಯಲ್ಲಿ ನೇತುಹಾಕಿ ಸುತ್ತಿಗೆಯಿಂದ ಹೊಡೆಯುತ್ತಿದ್ದ ಸದ್ದು ಅದು. ಸಂಡೂರಿನ ಗುಡ್ಡದ ಮೇಲಿದ್ದ ಮ್ಯಾಂಗನೀಸ್ ಗಣಿಯಲ್ಲಿ ದಿನಕ್ಕೆರಡು ಸಲ ಕೇಳಿಸುತ್ತಿತ್ತು. ಮೂರು ಪೆಟ್ಟು ಬಿದ್ದರೆ ಬಂಡೆಗೆ ಮದ್ದು ಹಾರಿಸುತ್ತಾರೆ, ಕೆಲಸ ಬಿಟ್ಟು ಓಡಬೇಕು ಎಂದರ್ಥ. ಈಗಲೂ ಬೀದಿಯಲ್ಲಿ ಯಾರಾದರೂ ಕಬ್ಬಿಣ ಬಡಿದರೆ ಎಣಿಸುತ್ತೇನೆ. ಮೂರಕ್ಕೇ ನಿಂತುಬಿಟ್ಟರೆ ಕೈಯಲ್ಲಿದ್ದ ಕೆಲಸ ಕೈಯಲ್ಲೇ ಉಳಿಯುತ್ತದೆ. ಸೊಸೆ, “ಏನತ್ತೆ, ಬಿಪಿನಾ?” ಎನ್ನುತ್ತಾಳೆ. ಹೂಂ ಅನ್ನುತ್ತೇನೆ. ಅದೇ ಈಸಿ.

ನಮ್ಮ ತಂದೆ ಆ ಗಣಿಯ ಹೆಡ್ ಕ್ಲರ್ಕ್. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದು ಮುಗಿಸಿ ಮನೆಗೆ ಬಂದಿದ್ದೆ. ಹತ್ತೊಂಬತ್ತು ವರ್ಷ, ಕಾಲಿಗೆ ಸಾಕ್ಸು, ತಲೆ ತುಂಬ ಡಿಕ್ಟೇಷನ್. ಎರಡನೆಯ ಮಹಾಯುದ್ಧ ಹತ್ತಿರ ಬರುತ್ತಿದ್ದ ಕಾಲ. ನಮ್ಮ ಕಪ್ಪು ಅದಿರಿಗೆ ಎಲ್ಲಿಲ್ಲದ ಬೇಡಿಕೆ. ಗಾದಿಗನೂರಿಂದ, ಮಲಪನಗುಡಿಯಿಂದ ವಾರವಾರವೂ ಹೊಸ ಆಳುಗಳು ಬರುತ್ತಿದ್ದರು, ಹೆಂಗಸರೇ ಹೆಚ್ಚು. ಗುದ್ದಲಿ ಹಿಡಿಯುವ ಮುಂಚೆ ಅವರಿಗೆ ಗಣಿಯ ಸೇಫ್ಟಿ ರೂಲ್ಸ್ ತಿಳಿಸಬೇಕು ಎಂದು ಮೇಲಿನಿಂದ ಕಾಗದ ಬಂದಿತ್ತು. ಇಂಗ್ಲಿಷಿನಲ್ಲಿದ್ದ ಆ ಒಂಬತ್ತು ರೂಲುಗಳನ್ನು ಕನ್ನಡ ಮಾಡಿ ಸೋಮವಾರ ಬೆಳಿಗ್ಗೆ ಹೆಂಗಸರಿಗೆ ಓದಿ ಹೇಳಲು ಮ್ಯಾನೇಜರ್ ಸಾಹೇಬರು ನನ್ನನ್ನು ಇಟ್ಟುಕೊಂಡರು. ತಂದೆಗೆ ಹೆಮ್ಮೆಯೋ ಹೆಮ್ಮೆ. ನನಗೆ ಅದಕ್ಕಿಂತ ಜಾಸ್ತಿ.

ನಾನು ಮಾಡಿದ ಕನ್ನಡ ಹೀಗಿತ್ತು: “ಸಿಡಿಮದ್ದಿನ ಪೂರ್ವಸೂಚನೆಯ ಘಂಟಾನಾದವು ಕರ್ಣಗೋಚರವಾದೊಡನೆ ಸಕಲ ಕಾರ್ಮಿಕರೂ ಸ್ವಸ್ಥಾನವನ್ನು ತ್ಯಜಿಸಿ ಆಶ್ರಯಸ್ಥಾನವನ್ನು ಸೇರತಕ್ಕದ್ದು.”

ಹೆಂಗಸರು ಅದಿರು ತೂಗುವ ಕಟ್ಟೆಯ ಮೇಲೆ ಕಾಲು ಮಡಿಸಿ ಕೂತು, ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಕೈಮುಗಿದು ಕೇಳುತ್ತಿದ್ದರು. ಪುಸ್ತಕ ಹಿಡಿದು ಯಾರಾದರೂ ರಾಗವಾಗಿ ಓದಿದರೆ ಅವರಿಗೆ ಅದು ಪುರಾಣ. ಮುಗಿದ ಮೇಲೆ ಒಬ್ಬೊಬ್ಬರೇ ಬಂದು ನನ್ನ ರೂಲ್ ಬುಕ್ಕನ್ನು ಕಣ್ಣಿಗೊತ್ತಿಕೊಳ್ಳುವರು. ಕೆಲವರು ಎಲೆ ಅಡಿಕೆ ಇಡುವರು. ಬೇಡ ಎನ್ನಲಿಲ್ಲ ನಾನು. ನಿಂತು ಎರಡೂ ಕೈಯಿಂದ ತೆಗೆದುಕೊಳ್ಳುತ್ತಿದ್ದೆ.

ಅವರ ಗುಂಪಿಗೆ ಮೇಸ್ತ್ರಿಯಾಗಿದ್ದವಳು ಹಲ್ಲಿಲ್ಲದ ಒಬ್ಬ ಅಜ್ಜಿ. “ಪುರಾಣ ಮುಗೀತು, ಪ್ರಸಾದ ಎಲ್ಲೈತ್ರಿ ಸಣ್ಣಮ್ಮಾರ?” ಎಂದು ನನ್ನನ್ನು ಛೇಡಿಸಿ, ಆಮೇಲೆ ಅವರ ಕಡೆ ತಿರುಗಿ, “ಲೇ, ಗಂಟಿ ಹೊಡದ್ರ ಆ ಗ್ವಾಡಿ ಹಿಂದ ಓಡ್ರಿ. ತಲಿ ಇದ್ರ ನಾಳಿಗೂ ಪುರಾಣ ಕೇಳಬಹುದು,” ಎಂದು ಒಂದೇ ಉಸಿರಿಗೆ ಹೇಳಿಬಿಡುವಳು. ನನ್ನ ಒಂಬತ್ತು ರೂಲುಗಳಲ್ಲಿ ಅವರಿಗೆ ಮುಟ್ಟಿದ್ದು ಅಷ್ಟೇ. ಬಳಿಕ ರಿಜಿಸ್ಟರಿನಲ್ಲಿ ಬಲಗೈ ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಗುಂಡಿಗೆ ಇಳಿಯುತ್ತಿದ್ದರು. ಆ ಗೋಡೆಯ ತನಕ ಒಂದು ದಿನವಾದರೂ ಅವರನ್ನು ಓಡಿಸಿ ನೋಡೋಣ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಒಂದು ಸೋಮವಾರ ಗಾದಿಗನೂರಿನ ಹೊಸ ಹೆಂಗಸೊಬ್ಬಳು ಹೆಬ್ಬೆಟ್ಟು ಒತ್ತುವ ಮೊದಲು ತಡೆದಳು. ಸೊಂಟದ ಮೇಲೆ ನಾಲ್ಕು ತಿಂಗಳ ಹೆಣ್ಣು ಕೂಸು.

“ಅಮ್ಮಾರ, ಒಂದು ಮಾತು ಕೇಳ್ಲಿ? ಗ್ವಾಡಿ ಈ ಕಡಿ ಐತಿ. ನಮ್ಮ ಕೂಸುಗಳ ಜೋಳಿಗಿ ಎಲ್ಲಾ ಗುಂಡಿ ಆ ಕಡಿ ಹುಣಸಿಗಿಡಕ್ಕ ಕಟ್ಟೀವಿ. ಗಂಟಿ ಆದ್ರ ಗ್ವಾಡಿಗೆ ಓಡ್ಬೇಕೋ, ಕೂಸಿನ ಕಡಿ ಓಡ್ಬೇಕೋ?”

ಉಳಿದವರೆಲ್ಲ ನನ್ನ ಕಡೆ ತಿರುಗಿದರು. ಮೇಸ್ತ್ರಿ ಅಜ್ಜಿ ಕೂಡ ನನ್ನ ಮುಖ ನೋಡಿದಳು.

ನಾನು ಪುಸ್ತಕ ತಿರುವಿ ಹಾಕಿದೆ. ಕೂಸಿನ ವಿಷಯ ಒಂದೇ ಒಂದು ಸಾಲಿರಲಿಲ್ಲ. ಕೇಳಿಕೊಂಡು ಬರುತ್ತೇನೆ ಎಂದು ಆಫೀಸಿಗೆ ಹೋದೆ. ಸಾಹೇಬರು ಪೈಪಿಗೆ ತಂಬಾಕು ತುಂಬುತ್ತಿದ್ದರು. ತಲೆ ಎತ್ತದೆ, “ದೇರ್ ಆರ್ ನೋ ಬೇಬೀಸ್ ಆನ್ ದ ವರ್ಕ್ಸ್, ಮಿಸ್,” ಎಂದರು. ಗಣಿಯೊಳಗೆ ಮಕ್ಕಳನ್ನು ತರಕೂಡದೆಂದು ಕಾನೂನಿದೆ, ಆದ್ದರಿಂದ ಗಣಿಯೊಳಗೆ ಮಕ್ಕಳಿಲ್ಲ. ಅವರ ಕಿಟಕಿಯಿಂದ ಹುಣಸೆಮರ ಕಾಣುತ್ತಿತ್ತು. ಸೀರೆಯ ಜೋಳಿಗೆಗಳು ಹನ್ನೊಂದೋ ಹನ್ನೆರಡೋ, ಗಾಳಿಗೆ ತೂಗುತ್ತಿದ್ದವು. ಅವನ್ನು ನಾನೂ ನೋಡಿದೆ. “ಯೆಸ್ ಸರ್” ಎಂದು ವಾಪಸು ಬಂದೆ.

“ಪುಸ್ತಕದಲ್ಲಿ ಕೂಸಿನ ಮಾತು ಇಲ್ಲವಮ್ಮ,” ಎಂದೆ ಅವಳಿಗೆ. “ಗೋಡೆ ಅಂತ ಮಾತ್ರ ಇದೆ.”

“ಇಲ್ಲೇನ್ರಿ? ಆತು ಬಿಡ್ರಿ,” ಎಂದು ಅವಳು ಹೆಬ್ಬೆಟ್ಟು ಒತ್ತಿದಳು. ಮಸಿಯ ಬೆರಳನ್ನು ಕೂಸು ಹಿಡಿದುಕೊಂಡಿತು. ಅದರ ಅಂಗೈ ಕಪ್ಪಾಯಿತೆಂದು ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದಾದ ಎರಡನೆಯ ವಾರವೋ ಮೂರನೆಯದೋ. ಮಧ್ಯಾಹ್ನ ಗಂಟೆ ಹೊಡೆದರು. ನಾನು ತೂಕದ ಕಟ್ಟೆಯ ಮೇಲಿದ್ದೆ. ಹೆಂಗಸರೆಲ್ಲ ಬುಟ್ಟಿ ಕೆಳಗೆ ಹಾಕಿ ಗೋಡೆಯ ಕಡೆ ಓಡಿಬಂದರು. ಒಬ್ಬಳು ಮಾತ್ರ ಎದುರು ದಿಕ್ಕಿಗೆ, ಹುಣಸೆಮರದ ಕಡೆ ಓಡುತ್ತಿದ್ದಳು. ದಿನವೂ ಹಾಗೇ ಓಡುತ್ತಿದ್ದಳೋ ಏನೋ, ನಾನು ಗಮನಿಸಿರಲಿಲ್ಲ. ಮೇಸ್ತ್ರಿ ಅಜ್ಜಿ, “ಲೇ! ಇತ್ಲಾಗ ಬಾರಲೇ!” ಎಂದು ಕಿರುಚಿದ್ದು ಕೇಳಿಸಿತು. ಆಮೇಲೆ ಮದ್ದು ಹಾರಿತು, ಧೂಳು ಮುಚ್ಚಿತು.

ಆ ಗಾದಿಗನೂರಿನವಳು ತನ್ನ ಕೂಸಿನ ಜೋಳಿಗೆಯ ಮೇಲೆ ಬೋರಲು ಬಿದ್ದಿದ್ದಳು. ಕೂಸಿಗೆ ಒಂದು ಗೀರೂ ಇಲ್ಲ. ಉಳಿದ ಜೋಳಿಗೆಗಳಿಗೂ ಏನೂ ಆಗಿರಲಿಲ್ಲ, ಅದು ನಮ್ಮ ಪುಣ್ಯ. ಅವಳ ಬಲಗೈಯನ್ನು ಕಲ್ಲು ಜಜ್ಜಿಹಾಕಿತ್ತು. ಹೊಸಪೇಟೆಯ ಆಸ್ಪತ್ರೆಯಲ್ಲಿ ಮೊಣಕೈ ಮೇಲಕ್ಕೆ ತೆಗೆದರು. ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಉಳಿಯಿತು.

ವಿಚಾರಣೆಗೆ ದೂರದಿಂದ ಇನ್‌ಸ್ಪೆಕ್ಟರೊಬ್ಬರು ಬಂದರು. ತಪ್ಪು ಗಣಿಯದ್ದು ಎಂದಾದರೆ ಅವಳಿಗೆ ಕೂತು ಮಾಡುವ ಕೆಲಸ ಕೊಡಬೇಕು, ಕೂಲಿಲೈನಿನ ಗುಡಿಸಲೂ ಅವಳಿಗೆ ಉಳಿಯುತ್ತದೆ. ತಪ್ಪು ಅವಳದ್ದೇ ಎಂದಾದರೆ ಹೆಸರು ಹೊಡೆದು ಹೊರಗೆ ಹಾಕುತ್ತಾರೆ. ಅವಳಿಗೆ ಇಂಗ್ಲಿಷ್ ಬಾರದು, ಇನ್‌ಸ್ಪೆಕ್ಟರಿಗೆ ಕನ್ನಡ ಬಾರದು. ನಡುವೆ ಮಾತು ದಾಟಿಸಲು ನಾನೇ. ಹಿಂದಿನ ದಿನ ಊಟಕ್ಕೆ ಕೂತಾಗ ತಂದೆ, “ನೋಡವ್ವ, ಕೇಳಿದ್ದಕ್ಕಷ್ಟ ಹೇಳು. ನಮ್ಮ ಅನ್ನದ ತಾಟು ಇಲ್ಲೇ ಐತಿ,” ಎಂದಿದ್ದರು. ಅವರು ಅಂಥ ಮಾತು ಆಡುವವರಲ್ಲ. ಆಡಿ, ತಾಟಿನಿಂದ ತಲೆ ಎತ್ತಲಿಲ್ಲ.

ಇನ್‌ಸ್ಪೆಕ್ಟರ್ ಕೇಳಿದರು: ಗಂಟೆಯಾದಾಗ ಎಲ್ಲಿಗೆ ಹೋಗಬೇಕೆಂದು ಈಕೆಗೆ ತಿಳಿಸಿದ್ದರೋ?

ನಾನು ಅವಳನ್ನು ಕೇಳಿದೆ. ಅವಳು ಎಡಗೈಯಲ್ಲಿ ಕೂಸನ್ನು ಹಿಡಿದುಕೊಂಡು, ಅವಸರವಿಲ್ಲದೆ ಹೇಳಿದಳು: “ಹೇಳಿದ್ರು ಸಾಮಿ. ಗ್ವಾಡಿ ಹಿಂದಕ ಅಂತ ಹೇಳಿದ್ರು. ಕೂಸಿನ ಗತಿ ಏನ್ರಿ ಅಂತ ಈ ಅಮ್ಮಾರನ್ನ ಕೇಳ್ದೆ. ಪಾಪ, ಒಳಗ ಹೋಗಿ ಕೇಳ್ಕೊಂಡು ಬಂದ್ರು. ಪುಸ್ತಕದಾಗ ಕೂಸಿನ ಮಾತು ಇಲ್ಲ ಅಂದ್ರು. ಪುಸ್ತಕದಾಗ ಇಲ್ಲ ಅಂದ್ರ, ಎತ್ಗೋಬ್ಯಾಡ ಅಂತಾನೂ ಇಲ್ಲ ಅಲ್ಲೇನ್ರಿ? ಅದಕ್ಕ ಓಡಿದೆ.”

ಸಾಹೇಬರ ಪೈಪು ಆರಿಹೋಗಿತ್ತು. ತಂದೆ ಮಸಿಕುಡಿಕೆಯ ಮುಚ್ಚಳ ತಿರುಗಿಸುತ್ತಿದ್ದರು.

“ಶಿ ಸೇಸ್ ಶಿ ವಾಸ್ ಟೋಲ್ಡ್, ಸರ್,” ಎಂದೆ.

“ಅಷ್ಟು ಮಾತಿಗೆ ಇಷ್ಟೇನಾ?” ಎಂಬಂತೆ ಇನ್‌ಸ್ಪೆಕ್ಟರ್ ಹುಬ್ಬು ಏರಿಸಿದರು. “ಎನಿಥಿಂಗ್ ಎಲ್ಸ್, ಮಿಸ್?”

ಮಾತಾಡಿಸಿದಾಗ ಮಾತ್ರ ಮಾತಾಡು ಎಂದು ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದರು. ಆ ದಿನ ನನ್ನನ್ನು ಮಾತಾಡಿಸಿದ್ದರು. ಎರಡು ಸಲ ಮಾತಾಡಿಸಿದ್ದರು.

“ನೋ, ಸರ್.”

ಅವಳಿಗೆ ನನ್ನ ಇಂಗ್ಲಿಷ್ ಒಂದಕ್ಷರವೂ ತಿಳಿಯಲಿಲ್ಲ. ತನ್ನ ಮಾತೆಲ್ಲ ಆ ದೊಡ್ಡವರಿಗೆ ಮುಟ್ಟಿತು ಎಂದುಕೊಂಡಳು. ಹೋಗುವಾಗ ಕೂಸನ್ನು ನೆಲಕ್ಕಿಳಿಸಿ, ಉಳಿದ ಒಂದು ಕೈಯನ್ನು ಹಣೆಗೆ ಹಚ್ಚಿ ನನಗೆ ನಮಸ್ಕಾರ ಮಾಡಿದಳು.

ವಾರದೊಳಗೆ ಅವಳ ಹೆಸರು ಹೊಡೆದರು, ಗುಡಿಸಲು ಬಿಡಿಸಿದರು. ಹುಣಸೆಮರವನ್ನೂ ಕಡಿಸಿದರು. ಹೆಂಗಸರು ಜೋಳಿಗೆಗಳನ್ನು ಅದಿರಿನ ವ್ಯಾಗನ್ನುಗಳ ಕೆಳಗೆ, ಗಾಲಿಗಳ ನಡುವೆ ಕಟ್ಟತೊಡಗಿದರು. ರೂಲ್ ಬುಕ್ಕಿಗೆ ಹತ್ತನೆಯದೊಂದು ಸೇರಿತು: ಗಣಿಯ ಆವರಣದಲ್ಲಿ ಬಟ್ಟೆ ಕಟ್ಟಕೂಡದು. ಅದನ್ನು ಕನ್ನಡ ಮಾಡಿದವಳು ನಾನೇ. ಮದುವೆಯಾಗಿ ಹೋಗುವ ತನಕ ಎರಡು ವರ್ಷ ಓದಿದವಳೂ ನಾನೇ. ಎಲೆ ಅಡಿಕೆ ಬರುತ್ತಲೇ ಇತ್ತು. ಮೇಸ್ತ್ರಿ ಅಜ್ಜಿ ಮಾತ್ರ ಪ್ರಸಾದ ಎಲ್ಲಿ ಎಂದು ಮತ್ತೆಂದೂ ಕೇಳಲಿಲ್ಲ. ನಾನು ಪುಸ್ತಕ ತೆರೆದರೆ ಎದ್ದು ಆಚೆ ಹೋಗಿ ನಿಲ್ಲುತ್ತಿದ್ದಳು.

ಆ ಗಾದಿಗನೂರಿನವಳನ್ನು ಕೊನೆಯ ಸಲ ನೋಡಿದ್ದು ಹೊಸಪೇಟೆಯ ಸ್ಟೇಷನ್ನಿನಲ್ಲಿ. ತವರಿಗೆ ಬಂದಿದ್ದವಳು ಗುಂತಕಲ್ ಕಡೆಯ ಗಾಡಿಯಲ್ಲಿ ಗಂಡನ ಮನೆಗೆ ಹೊರಟಿದ್ದೆ, ಮಡಿಲಲ್ಲಿ ನನ್ನ ಮೊದಲ ಮಗು. ತಲೆ ಮೇಲೆ ಬಾಳೆಹಣ್ಣಿನ ಬುಟ್ಟಿ ಹೊತ್ತು ಅವಳು ಕಿಟಕಿ ಕಿಟಕಿಗೂ ಬರುತ್ತಿದ್ದಳು. ಜೊತೆಗೆ ಐದಾರು ವರ್ಷದ ಹುಡುಗಿ. ತಾಯಿ ಎಡಗೈಯಿಂದ ಬುಟ್ಟಿ ಹಿಡಿದುಕೊಂಡರೆ ಹಣ್ಣು ಕಿತ್ತು ಕೊಡುವವಳು ಆ ಹುಡುಗಿ.

ಅವಳೇ ನನ್ನ ಗುರುತು ಹಿಡಿದಳು. “ಅಯ್ಯ, ಸಣ್ಣಮ್ಮಾರ! ಕೂಸು ನಿಮ್ದೇನ್ರಿ? ಭಾಳ ಚೆಂದ ಐತಿ ನೋಡ್ರಿ,” ಎಂದು ಬಗ್ಗಿ ನೋಡಿದಳು. ನಾನು ಏನು ಹೇಳಿದೆನೋ. ಚೆನ್ನಾಗಿದ್ದೀಯಾ ಎಂದಿರಬೇಕು. ಅವಳು ಹುಡುಗಿಯನ್ನು ಮೊಣಕಾಲಿನಿಂದ ಮುಂದಕ್ಕೆ ತಳ್ಳಿದಳು.

“ಕೈ ಮುಗಿಯಲೇ. ಅವತ್ತು ಆ ಸಾಯಬರ ಮುಂದ ನಮ್ಮ ಪರ ಮಾತಾಡಿದ್ದು ಈ ಅಮ್ಮಾರೇ. ಅವ್ರು ಕೇಳ್ಲಿಲ್ಲ, ಇವ್ರೇನು ಮಾಡ್ತಾರ?”

ಹುಡುಗಿ ಕೈಯಲ್ಲಿದ್ದ ಹಣ್ಣುಗಳನ್ನು ನನ್ನ ಮಗುವಿನ ಮಡಿಲಿಗೆ ಹಾಕಿ, ಎರಡೂ ಕೈ ಜೋಡಿಸಿದಳು. ಹೇಳಿಬಿಡಲು ಆಗಲೂ ಸಮಯವಿತ್ತು. ಗಾರ್ಡು ಇನ್ನೂ ಸೀಟಿ ಊದಿರಲಿಲ್ಲ. ನಾನು ಮಗುವಿನ ಟೋಪಿ ಸರಿಮಾಡುತ್ತಾ ಕೂತೆ. ಗಾಡಿ ಹೊರಟಾಗ ತಲೆ ಎತ್ತಿ ನೋಡಿದರೆ, ಅವಳು ಆಗಲೇ ಹಿಂದಿನ ಡಬ್ಬಿಯ ಕಿಟಕಿಯ ಹತ್ತಿರ ಹಣ್ಣು ಹಣ್ಣು ಎಂದು ಕೂಗುತ್ತಿದ್ದಳು.