ಡಬ್ಬ ಖಾಲಿ ಕೊಡಬಾರದು

ಮಂಡ್ಯದಿಂದ ಕೆಂಗೇರಿಗೆ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಮದ್ದೂರಿನಲ್ಲಿ ಬಿಸಿ ವಡೆ ಬಂದರೂ ನಾನು ಕೊಳ್ಳಲಿಲ್ಲ. ನನ್ನನ್ನು ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು, ಮನಸ್ಸು ಎಷ್ಟು ಕೆಟ್ಟಿತ್ತೆಂದು ತಿಳಿಯುತ್ತದೆ. ಹಿಂದಿನ ಸಂಜೆ ಜೋಯೆಲ್ ಫೋನ್ ಮಾಡಿ, ತಾನು ಊರಿಗೆ ವಾಪಸ್ ಹೋಗುವುದಾಗಿ ಹೇಳಿದ್ದ. ಇರುತ್ತಾನೋ ಹೋಗುತ್ತಾನೋ ಎಂದು ಹಿರಿಯ ಪಾದ್ರಿಗಳಿಗೆ ಭಾನುವಾರದೊಳಗೆ ಹೇಳಬೇಕಿತ್ತಂತೆ.

ಜೋಯೆಲ್ ಫಿಲಿಪೈನ್ಸಿನವನು, ಇಪ್ಪತ್ಮೂರು ವರ್ಷ. ಮಿಷನರಿಯಾಗಿ ಕೆಂಗೇರಿಯ ಪುಟ್ಟ ಪ್ರಾರ್ಥನಾ ಮಂದಿರಕ್ಕೆ ಬಂದು ಎಂಟು ತಿಂಗಳಾಗಿತ್ತು. ರಿಟೈರಾದ ಕನ್ನಡ ಮೇಡಂ ನಾನು, ವಾರಕ್ಕೆರಡು ದಿನ ವೀಡಿಯೊದಲ್ಲಿ ಅವನಿಗೆ ಪಾಠ ಹೇಳುತ್ತಿದ್ದೆ. ಅವನ ದೇವರು ಅವನಿಗೆ, ನನ್ನ ದೇವರು ನನಗೆ ಎಂಬ ಒಪ್ಪಂದ ಮೊದಲ ದಿನವೇ ಆಗಿತ್ತು.

ಸ್ಟೇಷನ್ನಿನಲ್ಲಿ ನನಗಾಗಿ ಕಾಯುತ್ತಾ ನಿಂತಿದ್ದ. ಟೈಫಾಯ್ಡ್ ಬಂದು ಕಡ್ಡಿಯಾಗಿದ್ದ. ಮಹಡಿಯ ಮೇಲಿನ ಅವನ ಕೋಣೆಯಲ್ಲಿ ಒಂದು ಚಾಪೆ, ಒಂದೊಲೆಯ ಸ್ಟವ್, ಕಟ್ಟಿಟ್ಟ ಸೂಟ್‌ಕೇಸು. ಟೀ ಕುಡಿಯುತ್ತಾ ಎಲ್ಲ ಹೇಳಿಕೊಂಡ. ಮಕ್ಕಳಿಗೆಂದು ತೆರೆದ ಟ್ಯೂಷನ್ನಿಗೆ ಯಾರೂ ಬಂದಿರಲಿಲ್ಲ. ಪ್ರತಿ ಬುಧವಾರ ಬಸವೇಶ್ವರನಗರದಲ್ಲಿ ಮನೆಮನೆ ತಟ್ಟಿದರೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದವು. ತೆರೆದದ್ದು ಒಂದೇ, ಬ್ಲೌಸ್ ಹೊಲಿಯುವ ಜಯಮ್ಮನದು. ಅವನು ಬಂದ ಕಾರಣವನ್ನೂ ಕೇಳದೆ ಆಕೆ, ಹೊಲಿಗೆ ಮಿಷನ್ನನ್ನು ಅವನ ಕೈಯಲ್ಲೇ ಕಿಟಕಿ ಪಕ್ಕಕ್ಕೆ ಎತ್ತಿಡಿಸಿಕೊಂಡು ಉಪ್ಪಿಟ್ಟು ಕೊಟ್ಟಿದ್ದಳು. ಆಮೇಲೆ ಪ್ರತಿ ಬುಧವಾರವೂ ತಿಂಡಿ, ಹರಟೆ. ಕಾಯಿಲೆ ಬಿದ್ದಾಗ ಸ್ಟೀಲ್ ಡಬ್ಬದಲ್ಲಿ ಗಂಜಿ, ನಿಂಬೆ ಉಪ್ಪಿನಕಾಯಿ ಕಳಿಸಿದ್ದಳು. ಈಗ ಎರಡು ವಾರದಿಂದ ಆಕೆಯೂ ಬಾಗಿಲು ತೆರೆದಿರಲಿಲ್ಲ.

ಡಬ್ಬ ವಾಪಸ್ ಕೊಟ್ಟೆಯಾ ಎಂದು ಕೇಳಿದೆ.

"ಕೊಟ್ಟೆ, ಟೀಚರ್. ಖಾಲಿ ಕೊಡಬಾರದು ಅಂತ ನೀವು ಹೇಳಿದ್ರಿ. ಅದಕ್ಕೆ ನಮ್ಮ ಮಂದಿರಕ್ಕೆ ಬನ್ನಿ ಅನ್ನೋ ಪ್ರಾರ್ಥನೆ ಚೀಟಿ ಹಾಕಿ ಕೊಟ್ಟೆ."

ಅಯ್ಯೋ ದೇವರೇ! ಕೊಟ್ಟವರ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದು ಎಂದು ಪಾಠ ಮಾಡಿದವಳು ನಾನೇ. ಒಂದು ಹಿಡಿ ಸಕ್ಕರೆಯಾದರೂ ಹಾಕು ಎನ್ನುವುದನ್ನು ಹೇಳಲು ಮರೆತಿದ್ದೆ. ಮೂವತ್ತು ವರ್ಷ ಪಾಠ ಹೇಳಿದ ಬಾಯಿಗೆ ಇಷ್ಟು ಹೊಳೆಯಬಾರದೇ?

ಬಜಾರಿಗೆ ಹೋಗಿ ತೆಂಗಿನಕಾಯಿ, ಬೆಲ್ಲ ತಂದೆವು. ಅವನ ಅಮ್ಮ ಹಬ್ಬಕ್ಕೆ ಮಾಡುವ ಸಿಹಿಯನ್ನು ನೀನೇ ಮಾಡು ಎಂದೆ. ಅದಕ್ಕೆ ಬೇಕಾದ, ಬೇಯಿಸಿದರೆ ಅಂಟಿಕೊಳ್ಳುವ ಅಕ್ಕಿ ಸಿಗದೆ ಸೋನಾ ಮಸೂರಿಯಲ್ಲೇ ಮಾಡಿದ. ನಮ್ಮ ಬೆಲ್ಲದನ್ನದ ತಮ್ಮನ ಹಾಗಿತ್ತು. ಅದನ್ನು ಹೊಸ ಡಬ್ಬಕ್ಕೆ ತುಂಬಿಕೊಂಡು ಮೆಟ್ರೋ ಹತ್ತಿದೆವು. ವಿಜಯನಗರದಲ್ಲಿ ಇಳಿದು, ಆಟೋದವನೊಡನೆ ಜಗಳವಾಡಿ, ಉರಿಬಿಸಿಲಿನಲ್ಲಿ ಜಯಮ್ಮನ ಮನೆ ತಲುಪಿದೆವು.

ಕದ ಅರ್ಧ ತೆರೆಯಿತು. ನಾನು ಯಾರೆಂದು ಹೇಳಿ, ತಪ್ಪು ನನ್ನದೇ ಎಂದು ಒಪ್ಪಿಕೊಂಡೆ. ಆಕೆ ನನ್ನನ್ನು ನೋಡಲೇ ಇಲ್ಲ.

"ನನ್ನ ಮಗನ ಥರ ಅಂತ ಗಂಜಿ ಮಾಡಿ ಕಳ್ಸಿದ್ದು ಕಣಪ್ಪಾ," ಎಂದಳು ಅವನಿಗೆ. "ನೀನು ಇಷ್ಟು ದಿನ ಬಂದಿದ್ದು ಈ ಚೀಟಿಗೋಸ್ಕರಾನಾ?"

ಜೋಯೆಲ್ ಒಂದೊಂದೇ ಕನ್ನಡ ಪದ ಹುಡುಕಿ ಜೋಡಿಸಿದ. "ಮೊದಲನೇ ದಿನ ಅದಕ್ಕೇ ಬಂದೆ, ಅಮ್ಮ," ಎಂದ. "ಆಮೇಲೆ ನಿಮಗೋಸ್ಕರ ಬಂದೆ."

ಸುಳ್ಳು ಹೇಳಬಹುದಿತ್ತು; ಹೇಳಲಿಲ್ಲ. ಆ ಹುಡುಗನ ಬಗ್ಗೆ ನನಗೆ ಹೆಮ್ಮೆಯೆನಿಸಿತು.

ಜಯಮ್ಮ ಡಬ್ಬ ತೆಗೆದುಕೊಂಡು ಒಳಗೆ ಹೋದಳು. ಹೊರಗೆ ನಿಂತ ನಮಗೆ ಪಾತ್ರೆಗಳ ಸದ್ದಷ್ಟೇ ಕೇಳುತ್ತಿತ್ತು. ಬೆಲ್ಲ ಸಾಲದು ಎಂದು ಗೊಣಗುತ್ತಲೇ ಹೊರಬಂದವಳು ಅದೇ ಡಬ್ಬವನ್ನು ಅವನ ಕೈಗಿಟ್ಟಳು. ಅದರಲ್ಲಿ ಚಕ್ಕುಲಿಗಳಿದ್ದವು. ಮುಚ್ಚಳದ ಮೇಲೆ ಆ ಚೀಟಿಯಿತ್ತು, ಒಂದು ಮಡಿಕೆಯೂ ಕೆಡದಂತೆ.

"ಚೀಟಿ ನೀನೇ ಇಟ್ಕೋ. ಬುಧವಾರ ಬಾ, ಮಿಷನ್ನು ಮತ್ತೆ ಒಳಗಿಡ್ಬೇಕು. ಕಿಟಕಿ ಹತ್ರ ಬಿಸಿಲು ಮುಖಕ್ಕೇ ಹೊಡೆಯತ್ತೆ."

ಸಂಜೆ ಕೆಂಗೇರಿ ಸ್ಟೇಷನ್ನಿನಲ್ಲಿ ಅವನು ನನ್ನನ್ನು ರೈಲು ಹತ್ತಿಸಿದ. ಸೂಟ್‌ಕೇಸಿನ ಮಾತನ್ನು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ರೈಲು ಹೊರಟಾಗ ಡಬ್ಬವನ್ನು ಎದೆಗವಚಿಕೊಂಡು ಕಿಟಕಿಯ ಜೊತೆಗೇ ನಾಲ್ಕು ಹೆಜ್ಜೆ ಓಡಿ ಬಂದ.

"ಟೀಚರ್, ಬುಧವಾರ ಇದರಲ್ಲಿ ಏನು ಹಾಕಿ ಕೊಡಲಿ?"