ಅಟ್ಟದ ಕಾಯಿ ಏನಂತದೆ

ಕಮಲಾಕ್ಷಮ್ಮ ಮಲ್ಲಿಪಟ್ಟಣದ ಕಡೆಯಿಂದ ನುಗ್ಗೇಹಳ್ಳಿಗೆ ಸೊಸೆಯಾಗಿ ಬಂದಾಗ ಅವರಿಗೆ ಕಾಯಿ ಎಂದರೆ ಒಡೆದು ತುರಿಯುವುದು, ಅಷ್ಟೇ. ಇಲ್ಲಿ ಕಾಯನ್ನು ಅಟ್ಟಕ್ಕೆ ಹಾಕಿ, ವರ್ಷದ ಹತ್ತಿರ ಮುಟ್ಟದೆ ಬಿಟ್ಟು, ಒಳಗೊಳಗೇ ಒಣಗಿಸಿ ಉಂಡೆ ಕೊಬ್ಬರಿ ಮಾಡುತ್ತಿದ್ದರು. ಒಡೆಯದೆ ತಿಳಿಯುವುದು ಹೇಗೆ? ಗಂಡ ಚನ್ನಬಸವಯ್ಯ ಅಟ್ಟದಿಂದ ಬಗ್ಗಿ, ಒಂದು ಕಾಯನ್ನು ಅವರ ಕಿವಿಯ ಹತ್ತಿರ ಅಲ್ಲಾಡಿಸಿ, “ಏನಂತದೆ ಕೇಳು” ಅನ್ನುತ್ತಿದ್ದರು.

ಮೊದಮೊದಲು ನೀರು ಕುಲುಕುತ್ತಿತ್ತು. ಆಮೇಲೆ ನೀರು ಹಿಂಗಿ ಕಾಯಿ ಮೂಕವಾಗುತ್ತಿತ್ತು. ಕೊನೆಗೆ ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಎನ್ನುತ್ತಿತ್ತು. ಬರಬರುತ್ತಾ ಕಮಲಾಕ್ಷಮ್ಮನ ಕಿವಿಯೇ ಮನೆಗೆ ಪ್ರಮಾಣವಾಯಿತು. ಅವರು ಕಾಯಿ ಕೇಳಿ “ಆಯ್ತು” ಅನ್ನದೆ ಯಾರೂ ಅಟ್ಟದ ಕಾಯಿ ಇಳಿಸುತ್ತಿರಲಿಲ್ಲ.

ಹೋದ ವರ್ಷ ಅಟ್ಟ ತುಂಬಿದ ಮೇಲೆ ಚನ್ನಬಸವಯ್ಯ ತೀರಿಕೊಂಡರು.

“ಇನ್ನೂ ಆಗ್ಲಿಲ್ವಾ ಅವ್ವ? ಉಳ ಬಿದ್ದಾತು,” ಎಂದು ಮಗ ಪರಮೇಶ ಕೇಳುತ್ತಲೇ ಇದ್ದ.

“ಇನ್ನೂ ಇಲ್ಲ ಕಣಪ್ಪ.”

ಅದು ಸುಳ್ಳು. ಕೊಬ್ಬರಿ ಚಿಪ್ಪು ಬಿಟ್ಟು ಎಷ್ಟೋ ದಿನವಾಗಿತ್ತು. ಇಳಿಸಿದರೆ ಸುಲಿಯುತ್ತಾರೆ, ಒಡೆಯುತ್ತಾರೆ, ಸಂತೆಗೆ ಹೊರಡುತ್ತದೆ. ಗಂಡ ಕೈಯಾರೆ ಜೋಡಿಸಿಟ್ಟದ್ದು ಮನೆಯಲ್ಲಿ ಇನ್ನು ಯಾವುದಿತ್ತು?

ಆಗಲೇ ಪರಮೇಶನ ಮಗಳು ನಿಧಿ ಹಾಸನದಿಂದ ಬಂದಳು. ಅವಳು ಒಂದು ಹಾಡಿನ ಆಲ್ಬಮ್ ಮಾಡುತ್ತಿದ್ದಳು. ದಂಡಿಯಾಗಿ ಪಿಟೀಲಿನವರು, ಅವರ ಜೊತೆಗೆ ಕಂಪ್ಯೂಟರಿನಲ್ಲಿ ಹುಟ್ಟಿಸಿದ ಸದ್ದು. ಮೊದಲಿಂದ ಕೊನೆಯವರೆಗೆ ಒಂದೇ ಕತೆ, ಕಾಯಿ ಕೊಬ್ಬರಿಯಾಗುವ ಕತೆ.

“ಮಿಕ್ಸಿ ಕೆಟ್ಟಂಗೈತೆ, ಇದನ್ನ ಯಾರವ್ವ ಕೇಳ್ತಾರೆ?” ಎಂದ ಪರಮೇಶ, ಒಂದು ಚೂರು ಕೇಳಿ.

“ಅಜ್ಜಿ ಕೇಳ್ಲಿ ಸಾಕು. ನೀನು ಸುಮ್ನಿರಪ್ಪ.”

ನಿಧಿ ಅಜ್ಜಿಯ ಕಿವಿಗೆ ಹೆಡ್‌ಫೋನ್ ಹಾಕಿದಳು. ಎಲ್ಲೋ ಆಳದಲ್ಲಿ ಏನೋ ಕುಲುಕಿತು. ಪಿಟೀಲುಗಳು ಅದರ ಹಿಂದೆಯೇ ತೂಗಿದವು. ಹಾಡಿನಿಂದ ಹಾಡಿಗೆ ನೀರು ಕಡಿಮೆಯಾಗುತ್ತಾ ಬಂತು. ಒಂದೇ ಒಂದು ತಂತಿ ಉಳಿಯಿತು, ಕೂದಲೆಳೆಯಷ್ಟು. ಕಮಲಾಕ್ಷಮ್ಮನಿಗೆ ಅಟ್ಟದ ಹೊಗೆ ವಾಸನೆ ಬಂದಂತಾಯಿತು. ಬಗ್ಗಿದ ಮುಖ, ಮೀಸೆಗೆ ಅಂಟಿದ ಜೇಡರ ಬಲೆ.

ಸದ್ದು ನಿಂತಿತು.

“ಮುಗೀತಾ ಮಗಾ?”

“ಇಲ್ಲಜ್ಜಿ, ಕೊನೇ ಹಾಡು ಬಾಕಿ. ಲೊಟಲೊಟ ಸದ್ದು ಬೇಕು. ಅಂಗಡೀದು ತಂದು ನೋಡ್ದೆ, ಮನ್ಸು ಒಪ್ಲಿಲ್ಲ. ತಾತ ಹಾಕಿದ್ದೇ ಬೇಕು. ನೀನು ಆಯ್ತು ಅನ್ನೋಗಂಟ ಕಾಯ್ತೀನಿ.”

ಕಮಲಾಕ್ಷಮ್ಮ ಅಟ್ಟದ ಕಡೆ ನೋಡಿದರು. ಕೊಬ್ಬರಿ ಕೆಟ್ಟರೆ ಊರಲ್ಲಿ ಬೈಸಿಕೊಳ್ಳುವುದು ಅಟ್ಟಕ್ಕೆ ಹಾಕಿದ ಕೈ. ಆ ಕೈಗೆ ಒಂದು ದಿನವೂ ಕೆಟ್ಟ ಹೆಸರು ಬಂದಿರಲಿಲ್ಲ.

“ಪರಮೇಶ, ಏಣಿ ಹಾಕಪ್ಪ. ಆಯ್ತು.”

ಅವನು ಇಳಿಸಿಕೊಟ್ಟ ಕಾಯನ್ನು ಅವರು ಸೆರಗಿನಲ್ಲಿ ಒರೆಸಿ, ಮೊಮ್ಮಗಳ ಕಿವಿಯ ಹತ್ತಿರ ಅಲ್ಲಾಡಿಸಿದರು.

“ಏನಂತದೆ ಕೇಳು.”

ನಿಧಿ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು. “ಅಜ್ಜಿ, ಇನ್ನೊಂದ್ಸಲ. ಮೈಕ್ ಹಾಕೋದೇ ಮರ್ತೆ.”

“ಅಟ್ಟ ತುಂಬ ಅವೆ ಕಣವ್ವ,” ಎಂದರು ಕಮಲಾಕ್ಷಮ್ಮ. “ನಿಧಾನಕ್ಕೆ ತುಂಬ್ಕೊ.”