ಎಣ್ಣೆಗಾಯಿಗೆ ಹೊಂದಿದ ಕೆಂಪು ವೈನ್

ಮದುವೆಯಾಗಿ ಸಿಯಾಟಲ್‌ಗೆ ಬಂದ ಮೇಲೆ ಆರು ವರ್ಷ ನನಗೆ ಕೆಲಸ ಮಾಡುವ ಅನುಮತಿ ಇರಲಿಲ್ಲ. ಅದು ಬಂದಾಗ ನನ್ನ ಬೆಂಗಳೂರಿನ ಅನುಭವ ಯಾವ ಕಂಪನಿಗೂ ಬೇಡವಾಗಿತ್ತು. ಕೊನೆಗೆ ಊರ ಪಕ್ಕದ ಶೋರ್‌ಲೈನ್‌ನ ಒಂದು ಚಿಕ್ಕ ವೈನ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಒಡತಿಗೆ ಎಪ್ಪತ್ತು ದಾಟಿತ್ತು. ಒಂದು ಗುಟುಕು ಬಾಯಲ್ಲಿ ಹೊರಳಿಸಿ ಉಗುಳು, ನಿನಗೆ ಅನಿಸಿದ್ದನ್ನು ಹೇಳು, ಪುಸ್ತಕದ ಮಾತು ಬೇಡ ಎಂದು ಕಲಿಸಿದವಳು ಅವಳು.

ಹಾಗೆ ನನಗೆ ಒಲಿದದ್ದು ಕೊರ್ಬಿಯೇರ್, ದಕ್ಷಿಣ ಫ್ರಾನ್ಸಿನ ಕಲ್ಲುಗುಡ್ಡಗಳ ಕೆಂಪು ವೈನ್. ಮೂಗಿಗೆ ಕರಿಮೆಣಸು, ಒಣಗಿದ ಕಾಡುಸೊಪ್ಪು. ನಾಲಿಗೆಗೆ ನೇರಳೆಹಣ್ಣಿನ ಒಗರು. ಕುರಿಮಾಂಸಕ್ಕೆ, ಸಾಸೇಜ್ ಹಾಕಿ ನಿಧಾನವಾಗಿ ಬೇಯಿಸಿದ ಬೀನ್ಸ್ ಕಾಳಿಗೆ ಚೆನ್ನಾಗಿ ಹೊಂದುತ್ತದೆ ಎಂದಳು ಒಡತಿ. ಮಾಂಸ ತಿನ್ನದ ನಾನು ಮನೆಯ ಅಡುಗೆಗಳ ಜೊತೆ ಒಂದೊಂದಾಗಿ ಪರೀಕ್ಷಿಸಿದೆ. ಹುಣಸೆಹುಳಿಯ ಸಾರಿನ ಜೊತೆ ತಗಡು ನೆಕ್ಕಿದಂತಾಯಿತು. ಖಾರ ಹೆಚ್ಚಾದಾಗ ಗಂಟಲು ಉರಿಯಿತು. ಹುಳಿ, ಖಾರ ಎರಡನ್ನೂ ಇಳಿಸಿ ಬದನೆಕಾಯಿ ಎಣ್ಣೆಗಾಯಿ ಮಾಡಿದ ದಿನ, ಹುರಿದ ಎಳ್ಳು, ಕಡಲೆಬೀಜದ ಜಿಡ್ಡಿಗೆ ಆ ಒಗರು ಮೆತ್ತಗಾಯಿತು. ಅಡುಗೆಮನೆಯಲ್ಲಿ ನಿಂತು ಒಬ್ಬಳೇ ನಕ್ಕಿದ್ದೆ.

ಒಂದು ಭಾನುವಾರ ಗಂಡನ ಮ್ಯಾನೇಜರ್ ಮತ್ತು ಅವರ ಹೆಂಡತಿ ನಾರ್ತ್ ಕ್ರೀಕ್‌ನ ನಮ್ಮ ಮನೆಗೆ ಊಟಕ್ಕೆ ಬಂದರು. ಮೈಸೂರಿನವರು. ನಾನು ಎಣ್ಣೆಗಾಯಿ, ಚಪಾತಿ ಮಾಡಿ, ಒಂದು ಗಂಟೆ ಮೊದಲೇ ಬಾಟಲಿ ತೆರೆದಿಟ್ಟಿದ್ದೆ. ಗಂಡ ಗ್ಲಾಸ್ ತಿರುಗಿಸುತ್ತ, ಬೆಳಿಗ್ಗೆ ನಾನು ಹೇಳಿದ್ದನ್ನೆಲ್ಲ ತಾನೇ ಕಂಡುಹಿಡಿದವನಂತೆ ಹೇಳಿದ. ಕರಿಮೆಣಸು, ಎಳ್ಳು, ಜಿಡ್ಡು, ಒಂದನ್ನೂ ಬಿಡಲಿಲ್ಲ.

"ಎಷ್ಟ್ ಸ್ಟಡಿ ಮಾಡಿದೀಯಪ್ಪ!" ಎಂದರು ಮ್ಯಾನೇಜರ್.

ಅವರ ಹೆಂಡತಿ ನನ್ನತ್ತ ತಿರುಗಿದರು. "ನೀವೆಲ್ಲಿ ವರ್ಕ್ ಮಾಡ್ತೀರಾ?"

"ಇಲ್ಲ ಇಲ್ಲ, ಇವಳು ಸದ್ಯಕ್ಕೆ ಬ್ರೇಕ್‌ನಲ್ಲಿದಾಳೆ," ಎಂದ ಗಂಡ.

ನಾನು ಅವರ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದೆ.

ಅವರು ಹೋದ ಮೇಲೆ ಕೇಳಿದೆ: "ಯಾಕೆ ಹಾಗಂದೆ?"

"ಮತ್ತೇನ್ ಹೇಳ್ಬೇಕಿತ್ತು? ನನ್ನ ಹೆಂಡ್ತಿ ಅಂಗಡೀಲಿ ಹೆಂಡ ಮಾರ್ತಾಳೆ ಅಂತಾನಾ?"

"ಕುಡಿಯೋಕೆ ನಾಚಿಕೆ ಆಗ್ಲಿಲ್ಲ ನಿಂಗೆ."

ಅವನು ಟಿವಿ ಹಾಕಿದ.

ಎರಡು ವಾರದ ಮೇಲೆ ಮ್ಯಾನೇಜರ್ ಹೆಂಡತಿ ಅದೇ ವೈನ್ ಹುಡುಕಿಕೊಂಡು ನಮ್ಮ ಅಂಗಡಿಗೇ ಬಂದರು. ಏಪ್ರನ್ ಕಟ್ಟಿಕೊಂಡಿದ್ದ ನನ್ನನ್ನು ಕಂಡು ತಬ್ಬಿಬ್ಬಾದರು. ಬಾಟಲಿ ಸುತ್ತಿ ಕೊಟ್ಟು, "ಅವತ್ತಿನ ವೈನ್ ನಾನೇ ಆರಿಸಿದ್ದು. ಇಲ್ಲಿ ಎರಡು ವರ್ಷದಿಂದ ಇದೀನಿ," ಎಂದೆ. ಅವರು ಅಯ್ಯೋ ಪಾಪ ಎನ್ನುವಂತೆ ನನ್ನ ಕೈ ಹಿಡಿದರು. ಆ ಕರುಣೆ ನನಗೆ ಬೇಕಿರಲಿಲ್ಲ.

ಮರುದಿನ ಊರ ನಡುವಿನ ಡೆನ್ನಿ ಟ್ರಯಾಂಗಲ್‌ನ ಆಫೀಸಿನಿಂದ ಗಂಡ ಮುಖ ಗಂಟು ಹಾಕಿಕೊಂಡು ಬಂದ. ಹೆಂಡತಿಯಿಂದ ವಿಷಯ ತಿಳಿದ ಮ್ಯಾನೇಜರ್, ಅವನ ವೈನ್ ಜ್ಞಾನವೆಲ್ಲ ನನ್ನಿಂದ ಎರವಲು ಎಂದು ಎಲ್ಲರೆದುರು ತಮಾಷೆ ಮಾಡಿದ್ದರಂತೆ. "ನನ್ನ ಮರ್ಯಾದೆ ತೆಗೆದೆ," ಎಂದ. ನನ್ನದು ಎಲ್ಲಿ ಹೋಗಿತ್ತು ಎಂದು ಅವನು ಕೇಳಲಿಲ್ಲ. ಈಗ ಅವನು ಟೀಮಿನವರನ್ನು ಹೋಟೆಲಿಗೇ ಕರೆದೊಯ್ಯುತ್ತಾನೆ. ನನ್ನನ್ನು ಕರೆಯುವುದಿಲ್ಲ.